ಬಡತನದಲ್ಲಿ ಬಾಡದ ವಿಶ್ವಾಸ: ಶ್ರೀರಾಯರ ಪೂರ್ವಾಶ್ರಮ

ಪ್ರತಿವರ್ಷವೂ ಶ್ರಾವಣ ಬಹುಳ ಪ್ರತಿಪದೆಯಿಂದ ತೃತೀಯೆಯವರೆಗೆ ಶ್ರೀರಾಘವೇಂದ್ರತೀರ್ಥ ಶ್ರೀಪಾದಂಗಳವರ ಆರಾಧನಾ ಮಹೋತ್ಸವವು ನೆರವೇರುತ್ತದೆ. ಕಾಮಧೇನುವೆಂದು ನಂಬಿ ಆ ಸನ್ನಿಧಿಗೆ ಹೋಗುವ ನಾವು, ಅವರೂ ಗೃಹಸ್ಥಾಶ್ರಮದಲ್ಲಿ ಹಸಿವನ್ನು ಅನುಭವಿಸಿದವರೆಂಬುದನ್ನು ಆಗಾಗ ಸ್ಮರಿಸುವುದು ಉಚಿತ.

ಅವರ ಪೂರ್ವಾಶ್ರಮದ ನಾಮ ವೇಂಕಟನಾಥ. ವಂಶದ ಹಿರಿಯರು ವೀಣಾವಿದ್ಯೆಯಿಂದ ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿದ್ದರು. 1565ರ ಯುದ್ಧದ ನಂತರ ಆ ರಾಜಾಶ್ರಯವು ತಪ್ಪಿತು. ತಂದೆ ತಿಮ್ಮಣ್ಣಭಟ್ಟರು ದಕ್ಷಿಣಕ್ಕೆ ಬಂದು ನೆಲೆಸಿದರು. ತಿಮ್ಮಣ್ಣಭಟ್ಟ ಹಾಗೂ ಗೋಪಿಕಾಂಬೆಯರಿಗೆ ತಮಿಳುನಾಡಿನ ಭುವನಗಿರಿಯಲ್ಲಿ ವೇಂಕಟನಾಥರು ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ಅಣ್ಣ ಗುರುರಾಜರು ಸಲಹಿದರು. ಅಕ್ಕ ವೇಂಕಟಾಂಬೆಯ ಪತಿ ಲಕ್ಷ್ಮೀನರಸಿಂಹಾಚಾರ್ಯರು ಮಧುರೆಯಲ್ಲಿ ಪಾಠ ಹೇಳಿದರು. ಹೀಗೆ ಇಲ್ಲದ ಕಾಲದಲ್ಲಿ ಕೈಹಿಡಿದ ಬಂಧುಗಳ ವಾತ್ಸಲ್ಯವೇ ಅವರ ಮೊದಲ ಸಂಪತ್ತಾಯಿತು.

ಮುಂದೆ ಸರಸ್ವತೀಬಾಯಿಯವರನ್ನು ವಿವಾಹವಾಗಿ, ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಬಳಿ ಶಾಸ್ತ್ರಾಧ್ಯಯನವನ್ನು ಕೈಗೊಂಡರು. ಶಿಷ್ಯರಿಗೆ ಪಾಠ ಹೇಳಿದರೂ ಅದಕ್ಕೆ ಪ್ರತಿಫಲವನ್ನು ಬೇಡಲಿಲ್ಲ. ಏಕಾದಶಿಯಲ್ಲದ ದಿನಗಳಲ್ಲಿಯೂ ಮನೆಯಲ್ಲಿ ಉಪವಾಸ, ಉಡಲು ಹರಕು ವಸ್ತ್ರ. ಈ ದಾರಿದ್ರ್ಯವನ್ನು ವರ್ಣಿಸಿರುವ 'ಶ್ರೀರಾಘವೇಂದ್ರವಿಜಯ'ದ ಕರ್ತೃ ನಾರಾಯಣಾಚಾರ್ಯರು ವೇಂಕಟಾಂಬೆಯವರ ಪುತ್ರರೇ ಆದುದರಿಂದ ಇದು ಮನೆಯವರೇ ಬಲ್ಲ ಸಂಗತಿ.

ಧನವಿಲ್ಲದವನ ವಿದ್ಯೆಯನ್ನು ಲೋಕವು ಸುಲಭವಾಗಿ ನಂಬುವುದಿಲ್ಲ. ಒಮ್ಮೆ ಒಂದು ಸಂತರ್ಪಣೆಗೆ ಹೋದಾಗ ಗೃಹಸ್ಥನು ಅವರ ವೇಷವನ್ನು ನೋಡಿ ಅನಾದರದಿಂದ ಗಂಧ ತೇಯಲು ಹೇಳಿದನಂತೆ. ಅವರು ಮರುಮಾತಿಲ್ಲದೆ ಅಗ್ನಿಸೂಕ್ತವನ್ನು ಪಠಿಸುತ್ತ ತೇದ ಗಂಧವನ್ನು ಲೇಪಿಸಿಕೊಂಡ ಬ್ರಾಹ್ಮಣರಿಗೆ ಮೈಯೆಲ್ಲ ಉರಿ ಎದ್ದಿತು. ಗೃಹಸ್ಥನು ಕ್ಷಮೆ ಬೇಡಲು, ವರುಣಸೂಕ್ತವನ್ನು ಪಠಿಸಿ ಆ ಉರಿಯನ್ನು ಶಮನಗೊಳಿಸಿದರು. ಮಂತ್ರಸಿದ್ಧಿಯ ದೃಷ್ಟಾಂತವಾಗಿ ಈ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವಮಾನಿಸಿದವರ ಮೇಲೆ ಅವರು ಹಗೆ ಉಳಿಸಿಕೊಳ್ಳದೆ ಇದ್ದುದೂ ಅಷ್ಟೇ ದೊಡ್ಡದು. ಹಸಿದವನಿಗೆ ಜನರೆಲ್ಲ ನಿರ್ದಯರೆಂದು ತೋರುವುದು ಸಹಜ; ಒಬ್ಬನ ತಪ್ಪನ್ನು ಅವರು ಲೋಕದ ಮೇಲೆ ಹೊರಿಸಲಿಲ್ಲ.

ಅವರ ಯೋಗ್ಯತೆಯನ್ನು ಕಂಡವರು ಗುರುಗಳು. ಚಳಿಯ ರಾತ್ರಿಯಲ್ಲಿ ನೆಲದ ಮೇಲೆ ನಿದ್ರಿಸಿದ್ದ ಶಿಷ್ಯನ ಬಳಿಯಿದ್ದ ನ್ಯಾಯಸುಧೆಯ ಟಿಪ್ಪಣಿಯನ್ನು ಓದಿ, ಶ್ರೀಸುಧೀಂದ್ರತೀರ್ಥರು ತಮ್ಮ ಶಾಲನ್ನೇ ಹೊದಿಸಿ ಹೋದರೆಂದು ಸಂಪ್ರದಾಯವು ಹೇಳುತ್ತದೆ. 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವನ್ನಿತ್ತು, ಮೂಲರಾಮದೇವರ ಪೂಜೆಯನ್ನೂ ಸಂಸ್ಥಾನದ ಸಕಲ ಸಂಪತ್ತನ್ನೂ ಅವರಿಗೆ ವಹಿಸಿದರು. ಮನೆಯಲ್ಲಿ ನಾಳೆಯ ಅಕ್ಕಿಯಿಲ್ಲದವರ ಕೈಗೆ ಭಂಡಾರವನ್ನು ಒಪ್ಪಿಸುವುದೆಂದರೆ ಅದೆಂತಹ ವಿಶ್ವಾಸ! ಶ್ರೀಗಳವರು 1671ರಲ್ಲಿ ಮಂಚಾಲೆಯಲ್ಲಿ ಬೃಂದಾವನಸ್ಥರಾಗುವವರೆಗೆ, ಐವತ್ತು ವರ್ಷಗಳ ಕಾಲ ಅದನ್ನು ಕಾಪಾಡಿದರು.

ಈ ಚರಿತ್ರೆಯಲ್ಲಿ ಕಣ್ಣೀರಿನ ಒಂದು ಭಾಗವೂ ಉಂಟು. ಉಪವಾಸದ ದಿನಗಳಲ್ಲೆಲ್ಲ ಪತಿಯನ್ನೇ ನಂಬಿ ನಡೆದವರು ಸರಸ್ವತೀಬಾಯಿ. ಎಳೆಯ ಮಗ ಲಕ್ಷ್ಮೀನಾರಾಯಣನನ್ನೂ ಪತ್ನಿಯನ್ನೂ ನೆನೆದು ವೇಂಕಟನಾಥರು ಸಂನ್ಯಾಸಕ್ಕೆ ಮೊದಲು ಒಪ್ಪಿರಲಿಲ್ಲ. ವಿದ್ಯಾದೇವಿಯು ಸ್ವಪ್ನದಲ್ಲಿ ಆದೇಶಿಸಿದ ಬಳಿಕವೇ ಒಪ್ಪಿದರು. ಪತಿಯ ಆಶ್ರಮಸ್ವೀಕಾರದ ವಾರ್ತೆಯಿಂದ ದುಃಖಿತರಾದ ಆ ಸಾಧ್ವಿಯು ಬಾವಿಗೆ ಬಿದ್ದು ಪ್ರಾಣಬಿಟ್ಟು, ಪ್ರೇತರೂಪದಿಂದ ಶ್ರೀಮಠಕ್ಕೆ ಬಂದಾಗ, ಶ್ರೀಗಳವರು ತೀರ್ಥವನ್ನು ಪ್ರೋಕ್ಷಿಸಿ ಸದ್ಗತಿಯನ್ನು ಕರುಣಿಸಿದರೆಂದು ಹಿರಿಯರು ಹೇಳುತ್ತಾರೆ. ಬಡತನದ ಭಾರವನ್ನು ಹೆಚ್ಚಾಗಿ ಹೊರುವವರು ಮನೆಯ ಗೃಹಿಣಿಯರೆಂಬುದನ್ನು ಈ ಪ್ರಸಂಗವು ನೆನಪಿಸುತ್ತದೆ.

ಆರಾಧನೆಯ ಪಂಕ್ತಿಯಲ್ಲಿ ಹರಕು ಬಟ್ಟೆಯ ಅಪರಿಚಿತನೊಬ್ಬನು ಬಂದು ಕುಳಿತರೆ, ಯಾರ ಮನೆಯವನೆಂದು ವಿಚಾರಿಸುವ ಮೊದಲು ಎಲೆ ಹಾಕಿ ಬಡಿಸೋಣ. ಗಂಧ ತೇಯಲು ಹೇಳಿದ ಗೃಹಸ್ಥನ ತಪ್ಪು ನಮ್ಮಿಂದ ಆಗದಿರಲಿ. ಶಾಲು ಹೊದಿಸಿದ ಗುರುಗಳ ಮನಸ್ಸು ನಮಗೆ ಬರಲಿ.

ಶ್ರೀಕೃಷ್ಣಾರ್ಪಣಮಸ್ತು.