ಪಿಯಾನೊ ಬಿಟ್ಟು ಪಟ್ಟಕ್ಕೆ ಬಂದವರು

ಜಯಚಾಮರಾಜೇಂದ್ರ ಒಡೆಯರ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಮೈಸೂರಿನ ಎಸ್‌ಜೆಸಿಇ, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ. ನಮ್ಮ ಹೊಳವನಹಳ್ಳಿ, ಕೊರಟಗೆರೆ ಕಡೆಯ ಹಿರಿಯರಿಗೆ ಅವರು ಕೊನೆಯ ಮಹಾರಾಜರು. ಆದ್ರೆ ಲಂಡನ್ನಿನ ಒಂದು ಆರ್ಕೆಸ್ಟ್ರಾ ನೆಲೆ ಕಂಡುಕೊಂಡಿದ್ದರ ಹಿಂದೆ ಅವರ ದುಡ್ಡೂ ಇತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1919ರ ಜುಲೈ 18ರಂದು. ಮನಸ್ಸು ಕೊಟ್ಟಿದ್ದು ಪಿಯಾನೊಗೆ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು, 1938ರಲ್ಲಿ ಮಹಾರಾಜ ಕಾಲೇಜಿನ ಪದವಿಯೂ ಆಯ್ತು. ವೇದಿಕೆ ಮೇಲೆ ಪಿಯಾನೊ ನುಡಿಸಿ ಬದುಕಬೇಕು ಅನ್ನೋ ಆಸೆ. 1940ರಲ್ಲಿ ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ನಮ್ಮ ಫೈನಲ್ ಇಯರ್‌ನವರ ವಯಸ್ಸಿಗೆ, 21ಕ್ಕೆ, ಸಿಂಹಾಸನ. ಪಿಯಾನೊ ವಾದಕನಾಗುವ ಮಾತು ಅಲ್ಲಿಗೆ ಮುಗೀತು.

ಸಂಗೀತ ಮಾತ್ರ ಮುಗೀಲಿಲ್ಲ. ವೀಣೆ ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಲಂಡನ್ನಿನಲ್ಲಿ ಕಾಯಿಲೆ, ಕಷ್ಟದಲ್ಲಿ ಇದ್ದ ರಷ್ಯದ ಸಂಗೀತಗಾರ ಮೆಟ್ನರ್ ಅವರ ರಚನೆಗಳು ರೆಕಾರ್ಡ್ ಆಗಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಈ ಮಹಾರಾಜರಿಗೇ ಅರ್ಪಿಸಿದ್ದಾರೆ.

1945ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೇ ಬಂದರು. ಅರಮನೆಯಲ್ಲಿ ಕಂಡದ್ದು ರೆಕಾರ್ಡುಗಳ ರಾಶಿ, ದೊಡ್ಡ ದೊಡ್ಡ ಪಿಯಾನೊಗಳು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡುವ ಮಾತಾಯ್ತು. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. ಯುದ್ಧದ ನಂತರ ತಮ್ಮ ದೇಶದಲ್ಲಿ 1947ರವರೆಗೆ ನಿಷೇಧ ಅನುಭವಿಸಿದ ಆಸ್ಟ್ರಿಯದ ಕಂಡಕ್ಟರ್ ಕಾರಯಾನ್‌ಗೆ ಲಂಡನ್ನಿನಲ್ಲಿ ಸಿಕ್ಕಿದ್ದು ಇದೇ ವಾದ್ಯವೃಂದ. (ಕಂಡಕ್ಟರ್ ಅಂದ್ರೆ ಹೊಳವನಹಳ್ಳಿ ಬಸ್ಸಲ್ಲಿ ಟಿಕೆಟ್ ಕೊಡೋರಲ್ಲ, ಕೈಸನ್ನೆಯಲ್ಲೇ ಇಡೀ ಆರ್ಕೆಸ್ಟ್ರಾ ನಡೆಸೋರು.)

ಮೈಸೂರಿನ ದುಡ್ಡು ಲಂಡನ್ನಿಗೆ ಯಾಕೆ ಹೋಗಬೇಕಿತ್ತು ಅಂತ ನಮ್ಮ ಕ್ಲಬ್ಬಲ್ಲೇ ಜಗಳ ಆಯ್ತು. ಪ್ರಶ್ನೆ ನ್ಯಾಯವಾದದ್ದೇ. ನಮಗೆ ಕಾಡಿದ್ದು ಬೇರೆ: ತಾನು ಹತ್ತಲಾಗದ ವೇದಿಕೆಯನ್ನು ಬೇರೆಯವರಿಗೆ ಕಟ್ಟಿಕೊಡೋದು ಸುಲಭವಾ?

ಆಮೇಲೆ ರಾಜ್ಯ ಭಾರತಕ್ಕೆ ಸೇರಿತು, ರಾಜಪ್ರಮುಖರಾದರು, ರಾಜ್ಯಪಾಲರಾದರು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಒಂದು ಸಂಜೆಯ ವಿಷಯ ಹೇಳಲೇಬೇಕು. 1950ರ ಮೇ 22, ಲಂಡನ್ನಿನ ಆಲ್ಬರ್ಟ್ ಹಾಲ್. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸ್‌ರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ. ಹಾಡಿದ್ದು ನಾರ್ವೆಯ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯಾ ನಡೆಸಿದ್ದು ಜರ್ಮನಿಯ ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರ್ ಜಾಮೀನು ನಿಂತ ಮಹಾರಾಜರು ಮಾತ್ರ ಸಭೆಯಲ್ಲಿರಲಿಲ್ಲ. ಕಛೇರಿಯನ್ನು ರೆಕಾರ್ಡ್ ಮಾಡಿ ಅವರಿಗಾಗಿ ಮೈಸೂರಿಗೆ ಕಳಿಸಿದರು.