ಪುಸ್ತಕದ ಗಂಟು ಹೊತ್ತ ಗಳಗನಾಥರು

ಪುಸ್ತಕ ಬರೆಯುವುದು ಒಂದು ಕಷ್ಟವಾದರೆ, ಬರೆದು ಅಚ್ಚು ಹಾಕಿಸಿದುದನ್ನು ಮಾರುವುದು ಅದಕ್ಕೂ ಮಿಗಿಲಾದ ಕಷ್ಟ. ಈ ಎರಡು ಹೊರೆಗಳನ್ನೂ ತಾವೇ ಹೊತ್ತು ನಡೆದ ಮಹನೀಯರು ಗಳಗನಾಥರು. ಕನ್ನಡ ಕಾದಂಬರಿಯ ಪಿತಾಮಹರೆಂದು ಅವರ ಹೆಸರನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆ ಬಿರುದಿಗಾಗಿ ಸವೆದ ಕಾಲುಗಳನ್ನು ಮಾತ್ರ ಮರೆತುಬಿಡುತ್ತೇವೆ.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ಅವರು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ ಜನಿಸಿದರು. ವರದೆಯು ತುಂಗಭದ್ರೆಯನ್ನು ಕೂಡುವ ಆ ಊರಿನ ಹೆಸರೇ ಅವರ ಕಾವ್ಯನಾಮವಾಯಿತು. ಹೊಟ್ಟೆಪಾಡಿಗೆ ಶಾಲಾ ಮಾಸ್ತರಿಕೆ. ಆ ಸೀಮೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮನೆಮಾತಿನವರಲ್ಲಿಯೂ ಅನೇಕ ವಿದ್ಯಾವಂತರು ಮರಾಠಿ ಗ್ರಂಥಗಳನ್ನೇ ಓದುತ್ತಿದ್ದರು. ಇಂತಹ ಕಾಲದಲ್ಲಿ, 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಏರ್ಪಡಿಸಿದ ಸ್ಪರ್ಧೆಯಲ್ಲಿ ಅವರ 'ಪ್ರಬುದ್ಧ ಪದ್ಮನಯನೆ'ಗೆ ಬಹುಮಾನ ಬಂದಿತು. ಅದು 1898ರ ಮಾತು.

ಬಹುಮಾನವೇನೋ ಬಂದಿತು, ಕೊಳ್ಳುವವರೆಲ್ಲಿ? ಹಳ್ಳಿಗಳಲ್ಲಿ ಅಕ್ಷರ ಬಲ್ಲವರೇ ವಿರಳ. ಬಲ್ಲವರ ಕೈಯಲ್ಲಿ ಕಾಸು ವಿರಳ. ಪುರಾಣವೆಂದರೆ ಕೂತು ಕೇಳತಕ್ಕದ್ದೇ ಹೊರತು ಹಣ ಕೊಟ್ಟು ಕೊಳ್ಳತಕ್ಕದ್ದಲ್ಲ ಎಂಬ ರೂಢಿ ಬೇರೆ. ಜಾಹೀರಾತಿಗೆ ಸುರಿಯಲು ಬಡ ಮಾಸ್ತರರಲ್ಲಿ ಹಣವೆಲ್ಲಿಂದ ಬರಬೇಕು? ಅವರಿಗೆ ದೊರೆತ ಮೊದಲ ದಾರಿ ಮಾಸಪತ್ರಿಕೆ. ಅಗಡಿಯ ಆನಂದವನದಿಂದ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯ ಸಂಪಾದಕತ್ವವನ್ನು ವಹಿಸಿಕೊಂಡು, ಅದರಲ್ಲಿ ತಮ್ಮ ಕಾದಂಬರಿಗಳನ್ನು ಕಂತುಕಂತಾಗಿ ಪ್ರಕಟಿಸಿದರು. ಇಡೀ ಗ್ರಂಥದ ಬೆಲೆಯನ್ನು ಒಮ್ಮೆಗೇ ತೆರಲಾರದವನಿಗೂ ಕಥೆ ಟಪಾಲಿನಲ್ಲಿ ಮನೆಬಾಗಿಲಿಗೆ ಬಂದಿತು. ಓದಬಲ್ಲವನೊಬ್ಬನು ಜಗಲಿಯ ಮೇಲೆ ಓದಿದರೆ ನೆರೆಹೊರೆಯವರೆಲ್ಲ ಕೇಳಿ, ಮುಂದಿನ ತಿಂಗಳಿಗೆ ಕಾದಿದ್ದರೆಂದು ಊಹಿಸುವುದು ಕಷ್ಟವಲ್ಲ.

ಎರಡನೆಯ ದಾರಿ ಅವರ ಸ್ವಂತ ಕಾಲುಗಳೇ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕಾದಂಬರಿಕಾರನು ಕಾಯಿಪಲ್ಲೆಯವನಂತೆ ಬಾಗಿಲಲ್ಲಿ ನಿಲ್ಲುವುದನ್ನು ಕಂಡು ನಕ್ಕವರೂ ಇದ್ದಿರಬಹುದು. ನನಗಂತೂ ಈ ಸಂಗತಿ ಬಹಳ ಹತ್ತಿರದ್ದು. ನಮ್ಮ ಮನೆಗೆ ಬಂದ ಮೊದಲ ಪುಸ್ತಕವನ್ನು ಅಂಗಡಿಯಿಂದ ತಂದದ್ದಲ್ಲ. ಜಾತ್ರೆಯಲ್ಲಿ ಗೋಣಿತಟ್ಟಿನ ಮೇಲೆ ಹರವಿ ಕುಳಿತವನೊಬ್ಬನಿಂದ ನನ್ನ ತಂದೆಯವರು ಚೌಕಾಶಿ ಮಾಡಿ ಕೊಂಡದ್ದು. ಅವರಿಗೆ ಓದು ಬಾರದು. ಪುಸ್ತಕದಂಗಡಿಯ ಮೆಟ್ಟಿಲು ಹತ್ತಲು ಅವರು ಇಂದಿಗೂ ಹಿಂಜರಿಯುತ್ತಾರೆ. ಗಂಟು ಹೊತ್ತು ಬಾಗಿಲಿಗೆ ಬಂದವರ ಬೆಲೆ ನಮ್ಮಂತಹ ಮನೆಯವರಿಗೆ ಗೊತ್ತು.

ಅವರ ಬರಹದಲ್ಲಿ ಮರಾಠಿಯ ಋಣ ಹೆಚ್ಚೆಂದು ಆಕ್ಷೇಪಿಸುವವರುಂಟು. ಅದು ಸುಳ್ಳಲ್ಲ. ವಿಜಯನಗರದ ಪತನವನ್ನು ಹೇಳುವ 'ಕನ್ನಡಿಗರ ಕರ್ಮಕಥೆ'ಯು ಹರಿ ನಾರಾಯಣ ಆಪಟೆಯವರ 'ವಜ್ರಾಘಾತ'ದಿಂದ ಬಂದುದು. ಆದರೆ ಮರಾಠಿ ಓದುವ ಕನ್ನಡಿಗನನ್ನು ಕನ್ನಡಕ್ಕೆ ತಿರುಗಿಸಲು ಅವನು ಮೆಚ್ಚಿದ ಸರಕನ್ನೇ ಕನ್ನಡದಲ್ಲಿ ಕೊಟ್ಟದ್ದು ಜಾಣತನವೆಂದೇ ನನ್ನ ಮತ. ಮುಂದೆ 1923ರಲ್ಲಿ, ವಿಜಯನಗರದ ಸ್ಥಾಪನೆಯನ್ನು ಕುರಿತ 'ಮಾಧವ ಕರುಣಾ ವಿಲಾಸ'ವನ್ನು ಅವರು ಸ್ವತಂತ್ರವಾಗಿಯೇ ಬರೆದರು. ಇಂದಿನ ಓದುಗನಿಗೆ ಅದರ ಉಪದೇಶದ ಭಾಗಗಳು ದೀರ್ಘವೆನಿಸುತ್ತವೆ. ನಾನೂ ಕೆಲವು ಪುಟಗಳನ್ನು ಹಾರಿಸಿದ್ದೇನೆ.

ಗಳಗನಾಥರು 1942ರಲ್ಲಿ ತೀರಿಕೊಂಡರು. ಗಂಟು ಹೊತ್ತು ತಾವು ತಿರುಗಿದ ಊರುಗಳು 1956ರಲ್ಲಿ ಮೈಸೂರು ಸೀಮೆಯೊಡನೆ ಒಂದೇ ಕನ್ನಡ ರಾಜ್ಯವಾದುದನ್ನು ನೋಡಲು ಅವರಿರಲಿಲ್ಲ. ಅಷ್ಟರಲ್ಲಿ ಆ ಊರುಗಳ ಎಷ್ಟೋ ಮನೆಗಳ ಗೂಡುಗಳಲ್ಲಿ ಅವರ ಪುಸ್ತಕಗಳು ಕುಳಿತಿದ್ದವು.