ವಿಲಿಯಂ ಹೋವರ್ಡ್ ಟಾಫ್ಟ್

ವಿಲಿಯಂ ಹೋವರ್ಡ್ ಟಾಫ್ಟ್ (ಸೆಪ್ಟೆಂಬರ್ 15, 1857 – ಮಾರ್ಚ್ 8, 1930) ಅಮೆರಿಕ ಸಂಯುಕ್ತ ಸಂಸ್ಥಾನದ 27ನೆಯ ಅಧ್ಯಕ್ಷರು (1909–1913) ಹಾಗೂ 10ನೆಯ ಮುಖ್ಯ ನ್ಯಾಯಮೂರ್ತಿಗಳು (1921–1930). ಈ ಎರಡೂ ಹುದ್ದೆಗಳನ್ನು ನಿರ್ವಹಿಸಿದ ಏಕೈಕ ವ್ಯಕ್ತಿ ಇವರು. ಅಮೆರಿಕದ ಅಧ್ಯಕ್ಷರಲ್ಲಿ ಅತ್ಯಂತ ಸ್ಥೂಲಕಾಯರಾಗಿದ್ದ ಟಾಫ್ಟ್, ದೇಹತೂಕವನ್ನು ಇಳಿಸಲು ಹಲವು ವರ್ಷಗಳ ಕಾಲ ಶ್ರಮಿಸಿದರು. ಈ ಪ್ರಯತ್ನದ ವಿವರಗಳು ಅವರ ಪತ್ರಗಳಲ್ಲಿ ಉಳಿದುಬಂದಿವೆ. ಆದ್ದರಿಂದ ಬೊಜ್ಜು, ನಿದ್ರೆ, ರಕ್ತದೊತ್ತಡ ಮತ್ತು ಹೃದಯದ ಪರಸ್ಪರ ಸಂಬಂಧವನ್ನು ಅರಿಯಲು ಅವರ ಜೀವನ ಒಂದು ಮುಖ್ಯ ನಿದರ್ಶನವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಟಾಫ್ಟ್ ಓಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಜನಿಸಿದರು. ತಂದೆ ಅಲ್ಫಾನ್ಸೊ ಟಾಫ್ಟ್ ಅಧ್ಯಕ್ಷ ಗ್ರಾಂಟ್ ಅವರ ಸಚಿವ ಸಂಪುಟದಲ್ಲಿದ್ದರು. ಯೇಲ್ ಕಾಲೇಜಿನಲ್ಲಿ 1878ರಲ್ಲಿ ತರಗತಿಗೆ ಎರಡನೆಯವರಾಗಿ ಪದವಿ ಪಡೆದು, ಅನಂತರ ಸಿನ್ಸಿನಾಟಿಯಲ್ಲಿ ಕಾನೂನು ವ್ಯಾಸಂಗ ಮಾಡಿದರು. ವಿದ್ಯಾರ್ಥಿ ದೆಸೆಯಲ್ಲಿಯೇ ದಪ್ಪ ಮೈಕಟ್ಟಿನವರಾಗಿದ್ದ ಅವರು ಕುಸ್ತಿಪಟುವೂ ಆಗಿದ್ದರು. 1886ರಲ್ಲಿ ಹೆಲೆನ್ ಹೆರನ್ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ಮೂವರು ಮಕ್ಕಳು.

ಸಾರ್ವಜನಿಕ ಜೀವನ

1892ರಿಂದ 1900ರವರೆಗೆ ಟಾಫ್ಟ್ ಒಕ್ಕೂಟದ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು. ನ್ಯಾಯಪೀಠವೇ ಅವರಿಗೆ ಪ್ರಿಯವಾದ ಕಾರ್ಯಕ್ಷೇತ್ರವಾಗಿತ್ತು. ಆದರೆ 1901ರಿಂದ 1903ರವರೆಗೆ ಫಿಲಿಪೈನ್ಸ್‌ನ ನಾಗರಿಕ ಗವರ್ನರ್ ಆಗಿಯೂ, 1904ರಿಂದ ಥಿಯೊಡೋರ್ ರೂಸ್‌ವೆಲ್ಟ್ ಅವರ ಯುದ್ಧ ಸಚಿವರಾಗಿಯೂ ಕೆಲಸ ಮಾಡಬೇಕಾಯಿತು. ರೂಸ್‌ವೆಲ್ಟ್ ಅವರ ಬೆಂಬಲದಿಂದ 1908ರ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು. ಮುಂದೆ ಇಬ್ಬರ ಸ್ನೇಹ ಮುರಿದುಬಿದ್ದು, ರಿಪಬ್ಲಿಕನ್ ಪಕ್ಷ ಒಡೆಯಿತು. 1912ರ ಚುನಾವಣೆಯಲ್ಲಿ ವುಡ್ರೊ ವಿಲ್ಸನ್ ಜಯಗಳಿಸಿದರು. ಟಾಫ್ಟ್ ಎರಡೇ ರಾಜ್ಯಗಳನ್ನು ಗೆದ್ದು ಮೂರನೆಯ ಸ್ಥಾನಕ್ಕೆ ಇಳಿದರು.

ದೇಹತೂಕ ಮತ್ತು ಪಥ್ಯ

ಯುದ್ಧ ಸಚಿವರಾಗಿದ್ದಾಗ ಟಾಫ್ಟ್ ಅವರಿಗೆ ಎದೆಯುರಿ, ಅಜೀರ್ಣ, ಆಯಾಸ ಮತ್ತು ನೆಮ್ಮದಿಯಿಲ್ಲದ ನಿದ್ರೆಯ ತೊಂದರೆಗಳಿದ್ದವು. 1905ರ ಡಿಸೆಂಬರ್‌ನಲ್ಲಿ ಅವರ ತೂಕ 314 ಪೌಂಡ್, ಅಂದರೆ ಸುಮಾರು 142 ಕಿಲೋಗ್ರಾಂ ಇತ್ತು. ಆಗ ಅವರು ಪಥ್ಯ ಚಿಕಿತ್ಸೆಗೆ ಹೆಸರಾದ ಲಂಡನ್ನಿನ ವೈದ್ಯ ನಥಾನಿಯಲ್ ಯಾರ್ಕ್-ಡೇವಿಸ್ ಅವರಿಗೆ ಪತ್ರ ಬರೆದು ಸಲಹೆ ಕೋರಿದರು. ವೈದ್ಯರು ಸಕ್ಕರೆಯನ್ನು ಬಿಡಿಸಿ, ಕೊಬ್ಬಿಲ್ಲದ ಮಾಂಸ, ಮೀನು, ಬೇಯಿಸಿದ ತರಕಾರಿ ಮತ್ತು ವಿಶೇಷ ಬಿಸ್ಕತ್ತುಗಳನ್ನು ಗೊತ್ತಾದ ಅಳತೆಯಲ್ಲಿ ಸೇವಿಸಲು ತಿಳಿಸಿದರು. ಟಾಫ್ಟ್ ದಿನವೂ ತೂಕ ನೋಡಿಕೊಂಡು, ಆ ಲೆಕ್ಕವನ್ನು ಅಂಚೆಯಲ್ಲಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. 1906ರ ಏಪ್ರಿಲ್ ವೇಳೆಗೆ ತೂಕ 255 ಪೌಂಡ್‌ಗೆ ಇಳಿಯಿತು. ಆದರೆ ಹಸಿವು ಅವರನ್ನು ಸದಾ ಕಾಡುತ್ತಿತ್ತು.

ಈ ಇಳಿಕೆ ಉಳಿಯಲಿಲ್ಲ. 1909ರ ಮಾರ್ಚ್‌ನಲ್ಲಿ ಅಧಿಕಾರ ಸ್ವೀಕರಿಸುವ ವೇಳೆಗೆ ತೂಕ ಮೊದಲಿಗಿಂತಲೂ ಹೆಚ್ಚಾಗಿ 150 ಕಿಲೋಗ್ರಾಂ ಮೀರಿತ್ತು. ಸುಮಾರು ಆರು ಅಡಿ ಎತ್ತರದ ಅವರಿಗೆ ಇಂದಿನ ಲೆಕ್ಕದಲ್ಲಿ ದೇಹ ದ್ರವ್ಯರಾಶಿ ಸೂಚ್ಯಂಕ (ಬಿಎಂಐ) 45ಕ್ಕೂ ಹೆಚ್ಚಾಗುತ್ತದೆ. ಅಧ್ಯಕ್ಷರಾಗಿದ್ದಾಗ ಸಭೆಗಳಲ್ಲಿ, ಅತಿಥಿಗಳೊಂದಿಗೆ ಮಾತನಾಡುವಾಗಲೂ ಅವರು ನಿದ್ರೆಗೆ ಜಾರುತ್ತಿದ್ದರು. ಇದನ್ನು ಅನೇಕರು ಸೋಮಾರಿತನವೆಂದು ಭಾವಿಸಿದರು. ಅವರು ಸ್ನಾನದ ತೊಟ್ಟಿಯಲ್ಲಿ ಸಿಕ್ಕಿಹಾಕಿಕೊಂಡರೆಂಬ ಕಥೆ ಜನಪ್ರಿಯವಾಗಿದ್ದರೂ ಅದಕ್ಕೆ ಸಮಕಾಲೀನ ಆಧಾರವಿಲ್ಲ. ಅವರಿಗಾಗಿ ದೊಡ್ಡ ತೊಟ್ಟಿಗಳನ್ನು ಮಾಡಿಸಿದ್ದು ಮಾತ್ರ ನಿಜ.

2003ರಲ್ಲಿ ವೈದ್ಯ ಜಾನ್ ಸೊಟೊಸ್ ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಟಾಫ್ಟ್ ಅವರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಕಾಯಿಲೆ ಇತ್ತೆಂದು ವಾದಿಸಿದರು. ಈ ಕಾಯಿಲೆಯಲ್ಲಿ ಕುತ್ತಿಗೆಯ ಸುತ್ತ ಸೇರಿದ ಕೊಬ್ಬು ಶ್ವಾಸಮಾರ್ಗವನ್ನು ಕಿರಿದಾಗಿಸುತ್ತದೆ. ರಾತ್ರಿಯಿಡೀ ಮತ್ತೆ ಮತ್ತೆ ಆಮ್ಲಜನಕದ ಮಟ್ಟ ಕುಸಿದು, ರಕ್ತದೊತ್ತಡ ಏರಿ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ಅಧ್ಯಕ್ಷರಾಗಿದ್ದಾಗ ಟಾಫ್ಟ್ ಅವರ ಮೇಲ್ಮಟ್ಟದ ರಕ್ತದೊತ್ತಡ 210 ಇತ್ತು. ಅದನ್ನು ಇಳಿಸಬಲ್ಲ ಸಮರ್ಥ ಔಷಧಿ ಆ ಕಾಲದಲ್ಲಿ ಇರಲಿಲ್ಲ.

ಅಧಿಕಾರಾನಂತರದ ಚೇತರಿಕೆ

1913ರಲ್ಲಿ ಶ್ವೇತಭವನವನ್ನು ಬಿಟ್ಟು ಯೇಲ್‌ನಲ್ಲಿ ಕಾನೂನು ಪ್ರಾಧ್ಯಾಪಕರಾದ ಟಾಫ್ಟ್, ಒಂದು ವರ್ಷದೊಳಗೆ 30 ಕಿಲೋಗ್ರಾಂಗೂ ಹೆಚ್ಚು ತೂಕ ಇಳಿಸಿದರು. ಹಗಲು ನಿದ್ರೆ ನಿಂತಿತು. ರಕ್ತದೊತ್ತಡವೂ ಗಣನೀಯವಾಗಿ ತಗ್ಗಿತು. ಈ ಬಾರಿ ತೂಕ ಹಳೆಯ ಮಟ್ಟಕ್ಕೆ ಮರಳಲಿಲ್ಲ.

1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದರು. ಸುಪ್ರೀಂ ಕೋರ್ಟ್ ತಾನು ವಿಚಾರಿಸುವ ಪ್ರಕರಣಗಳನ್ನು ಬಹುಮಟ್ಟಿಗೆ ತಾನೇ ಆಯ್ದುಕೊಳ್ಳಲು ಅವಕಾಶ ನೀಡಿದ 1925ರ ಕಾಯಿದೆ ಮತ್ತು ನ್ಯಾಯಾಲಯಕ್ಕೆ ಸ್ವಂತ ಕಟ್ಟಡ ಅವರ ಶ್ರಮದ ಫಲ. ವಾಷಿಂಗ್ಟನ್ನಿನಲ್ಲಿ ಅವರು ಕೆಲಸಕ್ಕೆ ನಡೆದು ಹೋಗುವ ಅಭ್ಯಾಸ ಇಟ್ಟುಕೊಂಡಿದ್ದರು.

ನಿಧನ

ತೂಕ ಇಳಿದರೂ, ದಶಕಗಳ ಕಾಲ ದಣಿದಿದ್ದ ಹೃದಯ ಮತ್ತು ರಕ್ತನಾಳಗಳು ಪೂರ್ಣವಾಗಿ ಸುಧಾರಿಸಲಿಲ್ಲ. 1920ರ ದಶಕದಲ್ಲಿ ಹೃದ್ರೋಗ ಅವರನ್ನು ಬಾಧಿಸಿತು. ಸಹೋದರ ಚಾರ್ಲ್ಸ್ ನಿಧನರಾದ ಬಳಿಕ ಆರೋಗ್ಯ ಮತ್ತಷ್ಟು ಕೆಟ್ಟು, 1930ರ ಫೆಬ್ರವರಿ 3ರಂದು ರಾಜೀನಾಮೆ ಸಲ್ಲಿಸಿದರು. ಮಾರ್ಚ್ 8ರಂದು 72ನೆಯ ವಯಸ್ಸಿನಲ್ಲಿ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿಯಾದ ಮೊದಲ ಅಧ್ಯಕ್ಷರು ಅವರೇ.

ಇಂದಿನ ವೈದ್ಯಕೀಯ ದೃಷ್ಟಿ

ಪಥ್ಯದಿಂದ ಇಳಿದ ತೂಕ ಮರಳುವುದು ಕೇವಲ ಮನೋಬಲದ ಕೊರತೆಯಲ್ಲವೆಂದು ಈಗ ತಿಳಿದಿದೆ. ತೂಕ ಇಳಿದಾಗ ಹಸಿವಿನ ಹಾರ್ಮೋನುಗಳು ಹೆಚ್ಚುತ್ತವೆ, ದೇಹವು ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಟಾಫ್ಟ್ ಕಾಲದಲ್ಲಿ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಇರಲಿಲ್ಲ. ಅಂತಹ ಶಸ್ತ್ರಚಿಕಿತ್ಸೆಗಳು ಆರಂಭವಾದದ್ದು 1950ರ ದಶಕದಲ್ಲಿ. ಜಠರದ ಗಾತ್ರವನ್ನು ಕುಗ್ಗಿಸುವ ಅಥವಾ ಆಹಾರದ ಹಾದಿಯನ್ನು ಬದಲಿಸುವ ಇವು ಹಸಿವಿನ ಹಾರ್ಮೋನುಗಳ ಮೇಲೂ ಪರಿಣಾಮ ಬೀರುತ್ತವೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘಕಾಲದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವುಗಳು ಕಡಿಮೆಯಾಗಿದ್ದವು. ಆದರೆ ಶಸ್ತ್ರಚಿಕಿತ್ಸೆಗೆ ತನ್ನದೇ ಅಪಾಯಗಳಿವೆ. ಅನಂತರವೂ ಜೀವನಪೂರ್ತಿ ಆಹಾರ ನಿಯಮ, ಜೀವಸತ್ವಗಳ ಪೂರೈಕೆ ಮತ್ತು ವೈದ್ಯರ ತಪಾಸಣೆ ಅಗತ್ಯ.

ಸ್ಮಾರಕ

ಟಾಫ್ಟ್ ನಡೆದು ಸಾಗುತ್ತಿದ್ದ, ವಾಷಿಂಗ್ಟನ್ನಿನ ಕನೆಕ್ಟಿಕಟ್ ಅವೆನ್ಯೂವಿನಲ್ಲಿರುವ ಸೇತುವೆಗೆ 1931ರಲ್ಲಿ ಅವರ ಹೆಸರನ್ನಿಡಲಾಯಿತು.